ನೀಲಿ ಗೆರೆ

ಬಳ್ಳಾರಿಯಲ್ಲಿ ಬೆವರದವರು ಯಾರಪ್ಪಾ
ಎಂದು ನಗುತ್ತಾರೆ, ಹೇಳಲು ಹೋದರೆ.
ನಿಜವೇ. ಮೇ ತಿಂಗಳಲ್ಲಿ ಇಲ್ಲಿ
ಗುಡ್ಡದ ಬಂಡೆಯೂ ನೆರಳು ಹುಡುಕುತ್ತದೆ.
ನಾನು ಹೇಳುತ್ತಿರುವುದು ಜನವರಿ ಬೆಳಗಿನ ಮಾತು:
ಕಿವಿಗೆ ಮಫ್ಲರ್, ಮೈಮೇಲೆ ಸ್ವೆಟರ್,
ಅಂಗೈಗಳು ಮಾತ್ರ
ಈಗಷ್ಟೇ ಹಿಂಡಿದ ಬಟ್ಟೆ.

ಏಳನೇ ತರಗತಿಯ ಪರೀಕ್ಷೆಯಲ್ಲಿ
ಶಾಯಿ ಹರಿದು
ಕರ್ನಾಟಕದ ನದಿಗಳೆಲ್ಲ ಒಂದೇ ನದಿಯಾಗಿದ್ದವು.
"ಅತ್ತೀಯೇನಲೇ ಗಾದಿಲಿಂಗ?" ಎಂದರು ಮೇಷ್ಟ್ರು.
ಹೂಂ ಎಂದೆ.
ಅತ್ತೆ ಎನ್ನುವುದು ಸುಲಭವಿತ್ತು.

ಈಗ ಕೌಲ್ ಬಜಾರಿನ ಒಂದು ಮಾಳಿಗೆಯಲ್ಲಿ
ಜೀನ್ಸ್ ಹೊಲಿಯುತ್ತೇನೆ. ನನ್ನದು ಜೇಬಿನ ಕೆಲಸ.
ದಿನಕ್ಕೆ ಇನ್ನೂರು ಜೇಬು,
ಯಾರ್ಯಾರೋ ಕೈ ಬಚ್ಚಿಟ್ಟುಕೊಳ್ಳಲು.
ಇನ್ನೂ ತೊಳೆಯದ ಬಟ್ಟೆ, ಹಸಿ ನೀಲಿ,
ಒದ್ದೆ ಕೈ ಕಂಡರೆ ಓಡಿ ಬರುತ್ತದೆ.
ಹಾಗಾಗಿ ನಾನು ಮುಟ್ಟಿದ್ದಕ್ಕೆಲ್ಲ ಸಾಕ್ಷಿ ಇದೆ:
ಸ್ವಿಚ್ಚಿನ ಸುತ್ತ, ಸೈಕಲ್ಲಿನ ಹಿಡಿಯಲ್ಲಿ,
ಬೆನ್ನು ತಟ್ಟಿ ಶಾಲೆಗೆ ಕಳಿಸಿದ ದಿನ
ಮಗಳ ಬಿಳಿ ಅಂಗಿಯ ಮೇಲೆ ಐದು ಬೆರಳು.

ಕೈ ಕೊಟ್ಟವನೆಂದರೆ ನಮ್ಮಲ್ಲಿ ಮೋಸಗಾರ.
ನಾನು ಕೈ ಕೊಡದೆಯೇ ಆ ಹೆಸರು ಪಡೆದವನು.
ದೂರದಿಂದಲೇ ಮುಗಿಯುತ್ತೇನೆ;
"ಬಂದ್ರು ಸ್ವಾಮೇರು" ಅನ್ನುತ್ತಾರೆ ಹುಡುಗರು.
ಮದುವೆಗೆ ಹೋದರೆ ಮೊದಲು ಹುಡುಕುವುದು
ಹಿಡಿಯಲು ಏನಾದರೂ:
ಒಂದು ಕೈಗೆ ನೀರಿನ ಬಾಟಲಿ,
ಇನ್ನೊಂದಕ್ಕೆ ಯಾರದಾದರೂ ಕೂಸು.
ಆಮೇಲೆ ಮದುವೆಗೇ ಹೋಗುವುದು ಬಿಟ್ಟೆ.
ಸುಂಕಮ್ಮ ಒಬ್ಬಳೇ ಹೋಗಿ
"ಅವ್ರಿಗೆ ಡ್ಯೂಟಿ ಐತ್ರಿ" ಅನ್ನುತ್ತಾಳೆ.
ಅವಳ ಸುಳ್ಳಿಗೂ ನನ್ನ ಬಣ್ಣ ಹತ್ತಿದೆ.

ರೇಷನ್ ಅಂಗಡಿಯ ಯಂತ್ರಕ್ಕೆ
ನನ್ನ ಹೆಬ್ಬೆಟ್ಟಿನ ಗುರುತಿಲ್ಲ.
"ಒರೆಸಿ ಒತ್ತು. ಇನ್ನೊಮ್ಮೆ. ಇನ್ನೊಮ್ಮೆ."
ಹಿಂದೆ ಸಾಲು ಬೆಳೆಯುತ್ತದೆ,
ಬೆನ್ನಿಗೆ ಕಣ್ಣುಗಳ ತೂಕ,
ಹೆಬ್ಬೆಟ್ಟಿಗೆ ಇನ್ನಷ್ಟು ನೀರು.

ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರಮ್ಮ
ಮೇಜಿನ ಕೆಳಗಿಂದ ಕೈ ತೆಗೆಸಿ ನೋಡಿದರು.
"ಬೆವರಿಗೆ ಹೆದರ್ತೀಯೋ, ಹೆದರಿ ಬೆವರ್ತೀಯೋ?"
ಇಪ್ಪತ್ತು ವರ್ಷದಿಂದ ನಾನೂ ಅದನ್ನೇ ಕೇಳಿಕೊಂಡಿದ್ದೆ.
ಮುಲಾಮು ಬರೆದರು. ಬೇರೆ ಚೀಟಿಯಲ್ಲಿ ಇನ್ನೇನೋ ಬರೆದು
"ಮೊದಲ ಮಹಡಿ, ಮನಸ್ಸಿನ ವಿಭಾಗ,
ನಾಚಿಕೆ ಬ್ಯಾಡ" ಎಂದರು.
ಮೆಟ್ಟಿಲ ತನಕ ಹೋದೆ.
ಕಂಬಿ ಹಿಡಿದೆ. ಬಿಟ್ಟೆ.
ಹೊಳೆಯುವ ಸ್ಟೀಲಿನ ಮೇಲೆ ನನ್ನ ಕೈ ಉಳಿದಿತ್ತು.
ಅದು ಆರುವುದರೊಳಗೆ
ನಾನು ಗೇಟಿನ ಹೊರಗಿದ್ದೆ.

ಪಕ್ಕದ ಮಷಿನ್ನಿನ ಹೊನ್ನೂರವಲಿಯ ಅಪ್ಪ ತೀರಿದ ದಿನ
ಎಲ್ಲರಿಗೂ ರಜೆ. ತಪ್ಪಿಸಿಕೊಳ್ಳಲು ನೆವವಿರಲಿಲ್ಲ.
ಖಬರಸ್ತಾನದಲ್ಲಿ ಒಬ್ಬೊಬ್ಬರೇ ಬಗ್ಗಿ
ಮೂರು ಹಿಡಿ ಮಣ್ಣು ಹಾಕಿದರು.
ನಾನೂ ಹಾಕಿದೆ. ಬೀಳಲಿಲ್ಲ.
ಎರೆಮಣ್ಣು ಅಂಗೈ ಹಿಡಿದು ಕೂತಿತು.
ಕೊಡವಿದೆ, ಜಾಡಿಸಿದೆ,
ಕೊನೆಗೆ ಉಗುರಿಂದ ಕೆರೆದೆ,
ಹಿಂದೆ ಜನ ಕಾಯುತ್ತ ನಿಂತಿದ್ದರು.
ಯಾರೂ ನಗಲಿಲ್ಲ.
ಅದೇ ಹೆಚ್ಚು ಕಷ್ಟವಾಯಿತು.

ಹೊರಡುವಾಗ ಹೊನ್ನೂರವಲಿ
ಆ ಕೈಯನ್ನೇ ಹಿಡಿದ, ತನ್ನ ಎರಡೂ ಕೈಯಲ್ಲಿ.
ಮಣ್ಣು, ನಿನ್ನೆಯ ನೀಲಿ, ನೀರು.
ನಾನು ಕಾದೆ.
ಜನ ನನ್ನ ಕೈ ಬಿಟ್ಟ ಮೇಲೆ
ಪ್ಯಾಂಟಿಗೆ ಒಂದು ಸಲ ಸವರುತ್ತಾರಲ್ಲ,
ಅವರಿಗೇ ತಿಳಿಯದ ಆ ಸಣ್ಣ ಚಲನೆ,
ಅದನ್ನು ನಾನು ಮುಖಗಳಿಗಿಂತ ಚೆನ್ನಾಗಿ ಬಲ್ಲೆ.

ಅವನು ಸವರಲಿಲ್ಲ.
ಮರೆತಿರಬಹುದು. ದುಃಖಕ್ಕೆ ಕೈಯ ನೆನಪಿರುವುದಿಲ್ಲ.
ಅದೇ ಕೈಯಿಂದ ಕಣ್ಣೊರೆಸಿಕೊಂಡು
ಕೆನ್ನೆಯ ಮೇಲೊಂದು ನೀಲಿ ಗೆರೆ
ಇಟ್ಟುಕೊಂಡೇ ಮನೆಗೆ ಹೋದ.

ಮರುದಿನ ನಾನು ಮತ್ತೆ
ಹಿಂದಿನ ಬಾಗಿಲಿಂದಲೇ ಕೆಲಸಕ್ಕೆ ಹೋದೆ.
ಚೀಟಿ ಇನ್ನೂ ಅಂಗಿಯ ಜೇಬಿನಲ್ಲಿದೆ,
ಅಕ್ಷರ ಕದಡಿ
'ಮೊದಲ ಮಹಡಿ' ಎಂಬುದಷ್ಟೇ ಓದಲು ಬರುತ್ತದೆ.
ಹದಿನೆಂಟು ಮೆಟ್ಟಿಲು.
ಎಣಿಸಿ ಬಂದಿದ್ದೇನೆ,
ಕೆಳಗೆ ನಿಂತು.