ಹಗೇವು

'ಹದಿನೇಳರ ಭಾಷಣ ನಿಮ್ದೇ' ಅಂದರು
ಹೆಡ್‌ಮಾಸ್ತರ್ ಬಂಡೆಪ್ಪ. 'ಇತಿಹಾಸದವ್ರು ನೀವು.
ಐದು ನಿಮಿಷ ಸಾಕು. ಹುಡುಗುರಿಗಿ ಮೈ ಝುಮ್ ಅನಬೇಕು.'

ಝುಮ್ ಅನ್ನುವುದು ನನಗೂ ಗೊತ್ತು.
ಹಗ್ಗ ಜಗ್ಗಿ, ಗಂಟು ಬಿಚ್ಚಿ,
ಚೆಂಡುಹೂವಿನ ಎಸಳು ತಲೆಮೇಲೆ ಉದುರಿದರೆ
ಈ ವಯಸ್ಸಿಗೂ ತೋಳಿನ ಕೂದಲು ನೆಟ್ಟಗಾಗುತ್ತವೆ.
ಅದು ಸುಳ್ಳಲ್ಲ.
ಸುಳ್ಳಾಗಿದ್ದರೆ ಇಷ್ಟು ಕಸಿವಿಸಿ ಇರುತ್ತಿರಲಿಲ್ಲ.

ರಾತ್ರಿ ಬರೆಯಲು ಕುಳಿತೆ.
ಮೊದಲ ಪುಟ ಸರಾಗ: ನಿಜಾಮ, ರಜಾಕಾರರು,
ದೇಶಕ್ಕೆ ಬೆಳಗಾಗಿ ಹದಿಮೂರು ತಿಂಗಳಿಗೆ
ಬೀದರಿಗೆ ಬೆಳಗಾದದ್ದು.
ಎರಡನೇ ಪುಟಕ್ಕೆ ಆಯಿ ಬಂದು ಕೂತಳು,
ತೀರಿ ಇಪ್ಪತ್ತು ವರ್ಷವಾದವಳು,
ಸೆರಗಿನ ತುದಿಯಲ್ಲಿ ಎಲೆಯಡಿಕೆ ಗಂಟು.

'ಶ್ರಾವಣದಾಗ ಅವ್ರು ಬಂದ್ರು, ಕುದುರಿ ಮ್ಯಾಲ.
ನಾವು ಹಗೇವಿನಾಗ ಇಳದೇವು.
ಹಳಿ ಜ್ವಾಳದ ಕಾವು, ಉಸರು ಕಟ್ಟತಿತ್ತು.
ಬಾಯಿಗಿ ಬಂಡಿ ಮುಚ್ಚಿದಾಕಿ ಹಲೀಮಾಬಿ.
ಬಂಡಿ ಮ್ಯಾಲ ಸಗಣಿ ಸಾರಿಸಿ
ಅಲ್ಲೇ ಕೂತು ಕಾಳು ಹಸನ ಮಾಡ್ಲತ್ತಿದ್ಳು.
ಭಾದ್ರಪದ ಮುಗಿಯೂದ್ರಾಗ ಝಂಡಾ ಬದಲಾತು.
ಆವಾಗ ಆಕಿ ಕೆಳಗ, ಎರಡು ಕೂಸು ಅವಚಿಕೊಂಡು.
ನಾ ಮ್ಯಾಲ.
ಆಕಿ ಗಂಡ ಹೊಲಕ್ಕ ಹೋದಾಂವ...'

ಇಲ್ಲಿಗೆ ಬಂದಾಗೆಲ್ಲ ಆಯಿ
ಕೈಯಲ್ಲೇ ಇದ್ದ ಸುಣ್ಣದ ಡಬ್ಬಿ ಹುಡುಕುತ್ತಿದ್ದಳು.

ಬಂಡೆಪ್ಪನವರ ಕೆಂಪು ಪೆನ್ನು
ಎರಡನೇ ಪುಟದ ನೆತ್ತಿಯಿಂದ ಪಾದದವರೆಗೆ ಇಳಿಯಿತು.
'ಸುಳ್ಳಲ್ರೀ ಸರ್, ನಮ್ಮವ್ವನೂ ಹಿಂಗೇ ಹೇಳ್ತಿದ್ಳು.
ಆದ್ರ ಇವತ್ತ್ಯಾಕ? ಲಡ್ಡು ಹಂಚೋ ದಿನ.'
ಒಳ್ಳೆಯ ಮನುಷ್ಯ. ನನ್ನ ಮಗಳ ಫೀಸಿಗೆ ಸಾಲ ಕೊಟ್ಟವರು.
ಸರಿ ಅಂದೆ.
ಬೇಡವಾದ ನಿಜಕ್ಕೆ ಪಂಚಾಂಗದಲ್ಲಿ
ಯಾವ ತಿಥಿ ಇದೆಯೋ, ಕೇಳಲಿಲ್ಲ.

ಮನೆಯಲ್ಲಿ ಇವಳು ತೊಗರಿಬೇಳೆ ಮರದಲ್ಲಿ ಹರಡಿ
ಹಳ್ಳು ಆರಿಸುತ್ತಿದ್ದಳು.
ಅವಳನ್ನು ಬೇಳೆಯ ವೈರಿ ಎಂದು ಯಾರೂ ಅಂದದ್ದಿಲ್ಲ.
ಉಣ್ಣುವವರು ಆರಿಸುತ್ತಾರೆ.
ಮಾರುವವನು ತೂಗುತ್ತಾನೆ, ಹಳ್ಳು ಸಮೇತ.

ಹದಿನೇಳು.
ಒಂದು ಪುಟ ಓದಿದೆ. ಚಪ್ಪಾಳೆ.
ಏರ್‌ಫೋರ್ಸಿನ ಜೆಟ್ಟೊಂದು ಭಾಲ್ಕಿ ರಸ್ತೆಯ ಮೇಲೆ
ಆಕಾಶದ ಹೊಲಿಗೆ ಬಿಚ್ಚುತ್ತ ಹೋಯಿತು; ಮಕ್ಕಳ ಕತ್ತು ಅದರ ಹಿಂದೆ.
ಪುಟ ಹೊರಳಿಸಿದೆ. ಕೆಂಪು ಗೆರೆ.
ನಾಲಿಗೆ ಏಳಲಿಲ್ಲ. ವರ್ಗಾವಣೆ ನೆನಪಾಯಿತೋ,
ಗೇಟಿನ ಹತ್ತಿರ ಮೊಬೈಲು ಎತ್ತಿ ಹಿಡಿದ ಹುಡುಗರೋ.
ಕೆಳಗಿಳಿಯಲಿಕ್ಕೂ ಕಾಲು ಬರಲಿಲ್ಲ.
ಮೈಕಿನ ಮುಂದೆ ನಿಂತು ಕಣ್ಣಲ್ಲೇ ಓದಿದೆ,
ಒಂದೊಂದೇ ಸಾಲು, ಹೊಲಕ್ಕೆ ಹೋದವನವರೆಗೆ.

ಮೊದಲು ಎದ್ದವರು ಪಂಚಾಯಿತಿ ಅಧ್ಯಕ್ಷೆ.
ಆಮೇಲೆ ಟೋಪಿ ತೆಗೆದು ಬಂಡೆಪ್ಪ.
ಕುರ್ಚಿಗಳು ಸರಿದವು. ಮುನ್ನೂರು ತಲೆ ತಗ್ಗಿದವು.
ಹುತಾತ್ಮರಿಗೆ ಮೌನವೆಂದು ತಿಳಿದರು.
ನನ್ನ ಅಂಜಿಕೆಗೆ ಊರಿಗೆ ಊರೇ
ಎದ್ದು ನಿಂತು ಗೌರವ ಕೊಟ್ಟಿತು.

ಎಲ್ಲ ಮುಗಿದ ಮೇಲೆ ಕಟ್ಟೆಯ ಹತ್ತಿರ ವೈಜಿನಾಥ,
ಏಳನೇ ವರ್ಗದ ಕೊನೇ ಬೆಂಚು, ಕೈಯಲ್ಲಿ ಅರ್ಧ ಲಡ್ಡು:
'ಸರ್, ಯಾರ್ ಸತ್ತಿದ್ರು ಖರೇ?
ನೀವು ಹೆಸರೇ ಹೇಳ್ಲಿಲ್ಲ.'

ಅತ್ತಿತ್ತ ನೋಡಿದೆ. ಬಂಡೆಪ್ಪ ಕುರ್ಚಿ ಎಣಿಸುತ್ತಿದ್ದರು.
'ಕೂಡು' ಅಂದೆ.
ಅಂಟು ಕೈ ಚಡ್ಡಿಗೆ ಒರೆಸಿಕೊಂಡು ಕೂತ.
ಹೆಸರಿನಿಂದಲೇ ಶುರುಮಾಡೋಣವೆಂದು ಬಾಯಿ ತೆರೆದೆ.

ಹಲೀಮಾಬಿಯ ಗಂಡ.
ಅಷ್ಟೇ ಗೊತ್ತು ನನಗೆ.