ಹಿಮ್ಮುಖ

ಪಾರ್ದುಬಿತ್ಸೆಯ ಗ್ರಂಥಾಲಯದ ಮೇಲ್ಮಹಡಿ, ಮಂಗಳವಾರ ಸಂಜೆ.
ನಾಲ್ಕು ಕಂಪ್ಯೂಟರು, ಐದು ಜನ, ಒಂದು ಹೀಟರು.
ಹೊಸಬರಿಗೆ ನಾನು ಮೊದಲು ಹೇಳುವುದು ಇಷ್ಟೇ:
ಹೃದಯದಾಕಾರದಲ್ಲಿ ಮುಚ್ಚಿಕೊಳ್ಳುವ ಆ ಟ್ರಾನ್ಸಿಷನ್ ಮುಟ್ಟಬೇಡಿ.
ಮುಟ್ಟುತ್ತಾರೆ.
ನನ್ನ ಕಾಲದಲ್ಲಿ ಅದಿರಲಿಲ್ಲ, ಇದ್ದಿದ್ದರೆ ನಾನೂ ಮುಟ್ಟುತ್ತಿದ್ದೆ.

ನಾನು ಜೆಲಿಂಕಾ. ರೈಲ್ವೆ ಸಿಗ್ನಲ್ ರಿಪೇರಿಯವನು, ಈಗ ನಿವೃತ್ತ.
ಎಂಟು ಮಿಲಿಮೀಟರಿನ ಫಿಲ್ಮನ್ನು ಬ್ಲೇಡಿನಲ್ಲಿ ಕೊಯ್ದು
ಅಂಟು ಹಚ್ಚಿ, ಉಸಿರು ಬಿಗಿಹಿಡಿದು ಕೂಡಿಸಿದವನು.
ಆಗ ಕೈ ತಪ್ಪಿದರೆ ತಪ್ಪಿದ್ದೇ.
ಅತ್ತೆಯ ಅಪರೂಪದ ನಗು
ಅಡುಗೆಮನೆಯ ಕಸದ ಜೊತೆ ಗುಡಿಸಿಹೋಗುತ್ತಿತ್ತು.
ಈಗ ಕತ್ತರಿಸಿದ್ದು ಎಲ್ಲಿಗೂ ಹೋಗುವುದಿಲ್ಲ.
ಮೂಲ ಹಾಗೇ ಇರುತ್ತದೆ ಫೋಲ್ಡರಿನೊಳಗೆ
ಪೂರ್ತಿಯಾಗಿ, ಏನೂ ಆಗದವರ ಹಾಗೆ.

ಕ್ವೇತಾ ಬಂದದ್ದು ನವೆಂಬರಿನಲ್ಲಿ. ಜಿಂಜರ್‌ಬ್ರೆಡ್ ಕಾರ್ಖಾನೆಯವಳು,
ಕೋಟು ಬಿಚ್ಚಿದರೆ ಕೋಣೆಗೆಲ್ಲ ಲವಂಗದ ವಾಸನೆ.
ಪೆನ್‌ಡ್ರೈವೊಂದನ್ನು ಮೇಜಿನ ಮೇಲಿಟ್ಟು ಕೇಳಿದಳು:
ಇದರಿಂದ ಒಬ್ಬ ಮನುಷ್ಯನನ್ನು ತೆಗೆಯುವುದು ಹೇಗೆ?

ಕ್ರಿಸ್‌ಮಸ್ಸಿನ ಹಿಂದಿನ ದಿನ. ಬಚ್ಚಲ ತೊಟ್ಟಿಯಲ್ಲಿ ಕಾರ್ಪ್ ಮೀನು.
ನಮ್ಮಲ್ಲಿ ಹಾಗೆಯೇ, ಹಬ್ಬದೂಟದ ಮೀನು ಎರಡು ದಿನ ಮನೆಯ ನೆಂಟ,
ಅಲ್ಲಿಯವರೆಗೆ ಯಾರಿಗೂ ಸ್ನಾನವಿಲ್ಲ.
ಐದು ವರ್ಷದ ಶ್ಟೆಪಾನ್ ತೊಟ್ಟಿಯ ಅಂಚಿಗೆ ಗಲ್ಲವಿಟ್ಟು
ರೊಟ್ಟಿಚೂರು ಹಾಕುತ್ತಿದ್ದಾನೆ, ಅದಕ್ಕೆ ಪೆಪೀಕ್ ಎಂದು ಹೆಸರಿಟ್ಟಿದ್ದಾನೆ.
ಆಮೇಲೆ ತೋಳು ಮಡಿಸಿಕೊಂಡು, ಟವಲು ಹಿಡಿದು ಲುಮೀರ್ ಬರುತ್ತಾನೆ.

ತೆಗೆಯಬೇಕಾದವನು ಅವನೇ.
ಏಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಕೈಲಿದ್ದ ಕ್ಯಾಮೆರಾ ಅವತ್ತೇ ಸ್ವಲ್ಪ ನಡುಗಿತ್ತು.

ಅಂಚು ಕತ್ತರಿಸಿದೆವು, ಭುಜ ಹೋಯಿತು.
ಚಿತ್ರ ಹಿಗ್ಗಿಸಿದೆವು, ಮೀಸೆ ಹೋಯಿತು.
ಮೊಣಕೈಯವರೆಗೆ ಬಂದು ನಿಂತೆವು.
ಆ ಕೈಗಳನ್ನೂ ತೆಗೆದರೆ ಮೀನನ್ನು ಎತ್ತುವವರು ಯಾರು?
ಮೀನನ್ನೇ ತೆಗೆದರೆ ಹುಡುಗ ಯಾತಕ್ಕೆ ಕಿರುಚುತ್ತಾನೆ?
ಹಾವೂ ಸಾಯಬಾರದು, ಕೋಲೂ ಮುರಿಯಬಾರದು.
ಮೂರು ಮಂಗಳವಾರ ಹೀಗೇ ಕಳೆಯಿತು.

ನಾಲ್ಕನೆಯದಕ್ಕೆ ಅವಳು ನನಗಿಂತ ಮೊದಲೇ ಬಂದು ಕೂತಿದ್ದಳು.
ಮೌಸಿನ ಬಲಗುಂಡಿ ಒತ್ತಿ, ಪಟ್ಟಿಯ ತಳದವರೆಗೂ ಇಳಿದು
'ಹಿಮ್ಮುಖ' ಎಂಬುದನ್ನು ತಾನೇ ಕಂಡುಕೊಂಡಿದ್ದಳು.
ಎಳಸು ಆಟ ಅದು. ನಾನು ಯಾರಿಗೂ ಕಲಿಸುವುದಿಲ್ಲ.

ತಟ್ಟೆಯಲ್ಲಿ ಮುಳ್ಳು. ಬಾಯಿಗಳಿಂದ ತುಂಡು ತುಂಡಾಗಿ ಬಂದು
ಮಾಂಸ ಮುಳ್ಳಿಗೆ ಅಂಟಿತು. ಬಾಣಲೆ ಮೊರೆಯುತ್ತ ಮೊರೆಯುತ್ತ ತಣ್ಣಗಾಯಿತು.
ಸುತ್ತಿಗೆ ತಲೆ ಬಿಟ್ಟು ಮೇಲೆದ್ದು ಬೆನ್ನ ಹಿಂದೆ ಅಡಗಿತು.
ಹುಡುಗನ ಕಣ್ಣೀರು ಕೆನ್ನೆ ಹತ್ತಿ ಕಣ್ಣೊಳಗೆ ಹೋಯಿತು.
ಲುಮೀರ್ ಟವಲಿನ ಮಡಿಕೆ ಬಿಡಿಸಿ, ಬಗ್ಗಿ,
ಕೂಸನ್ನು ತೊಟ್ಟಿಲಿಗೆ ಹಾಕುವವನ ಹಾಗೆ
ಪೆಪೀಕನನ್ನು ತೊಟ್ಟಿಗೆ ಬಿಟ್ಟ.
ಆಮೇಲೆ ಮುಖ ನಮ್ಮ ಕಡೆಗೇ ಇಟ್ಟುಕೊಂಡು
ಹಿಂದೆ ಹಿಂದೆ ನಡೆಯುತ್ತ ಬಾಗಿಲು ದಾಟಿದ.

ಯಾರೂ ಅವನನ್ನು ತೆಗೆಯಲಿಲ್ಲ.

ತೊಟ್ಟಿಯಲ್ಲಿ ಮೀನು. ಅಂಚಿನ ಮೇಲೆ ಗಲ್ಲ.
ರೊಟ್ಟಿಚೂರು ನೀರಿನಿಂದೆದ್ದು ಬೆರಳಿಗೆ ಮರಳುತ್ತಿತ್ತು.
ಕೀಪೆಪ್, ಕೀಪೆಪ್ ಎನ್ನುತ್ತಿದ್ದ ಹುಡುಗ,
ಮೀನುಗಳಿಗಷ್ಟೇ ತಿಳಿಯುವ ಯಾವುದೋ ಭಾಷೆಯಲ್ಲಿ.
ಸದ್ದು ಆರಿಸಲೇ ಎಂದೆ.
ಬೇಡ ಅಂದಳು.
ಕೊನೆಗೆ ಆ ಹೃದಯದಾಕಾರದ್ದನ್ನೇ ಎಳೆದು ತಂದು ಹಚ್ಚಿದಳು,
ನಾನು ಹೀಟರಿನ ಕಡೆ ನೋಡುತ್ತಿದ್ದೆ.

ರೆಂಡರ್ ತೊಂಬತ್ತೆರಡಕ್ಕೆ ಬಂದು ನಿಂತಿತು, ಎಂದಿನಂತೆ.
ಗ್ರಂಥಾಲಯದಾಕೆ ಬೀಗದ ಗೊಂಚಲು ಅಲ್ಲಾಡಿಸುತ್ತ
ದೀಪ ಆರಿಸಲು ಬಂದಳು.
ಇನ್ನೆರಡು ನಿಮಿಷ, ಎಂದೆವು ಇಬ್ಬರೂ.