ಕಿರುಬೆರಳು

ಜಯಂತಿ ಹಿಂದಿನ ದಿನ ನಸುಕಿನ್ಯಾಗ
ನಗರಸಭೆಯವರು ಏಣಿ ಕೊಡತಾರ,
ಒಂದು ಬಕೀಟು, ಸೋಪಿನ ಪುಡಿ.
ಹುಣಸೆಹಣ್ಣು ನಾನೇ ಮನಿಯಿಂದ ಒಯ್ಯತೀನಿ.
ಕಂಚು ಬಗ್ಗೋದು ಹುಳಿಗೆ, ನೊರೆಗಲ್ಲ.

ಗಂಜ್ ರಸ್ತೆಯ ಮೂಲ್ಯಾಗ ಹನ್ನೆರಡು ಫೂಟು ನಿಂತಾನ.
ದಿಲ್ಲಿಗೆ ವೆಂಕಟ್‌ಜೀ.
ಕೆಳಗಿನ ಕಲ್ಲಿನ್ಯಾಗ ಇನ್ನೂ ಉದ್ದದ ಹೆಸರು,
ಅದರಾಗೂ ಒಂದು ದೀರ್ಘ ತಪ್ಪಿಸ್ಯಾರ.
ನಮ್ಮ ಆಯಿಗೆ ಕೊನೀತನಕ
ಗಿರಣಿ ಯಂಕೋಬ.

ಮೊದಲು ತಲಿ, ಪಾರಿವಾಳದ ಹಿಕ್ಕಿ.
ಆಮ್ಯಾಲ ಕನ್ನಡಕದ ಸಂದಿ, ಕೋಟಿನ ಗುಂಡಿ
(ಕೋಟು ಹಾಕಿದ್ದು ಊರಾಗ ಯಾರೂ ನೋಡಿಲ್ಲ).
ಆಮ್ಯಾಲ ಬಡಗಣಕ್ಕ ಚಾಚಿದ ಬಲಗೈ.
ಒಂದೊಂದೇ ಬೆರಳು ಎಣಿಸಿ ತಿಕ್ಕತೀನಿ.
ಐದು.

ಆಯಿ ಹೇಳತಿದ್ದಳು, ನಾಕೂವರೆ.

ಹತ್ತಿ ಗಿರಣ್ಯಾಗ ಆಕಿ ಬೀಜ ಬಳಿಯಾಕಿ,
ಅಂವ ರೋಲರಿಗೆ ಹತ್ತಿ ಉಣಿಸಾಂವ, ಹದಿಮೂರರ ಪೋರ.
ಒಂದು ಮಧ್ಯಾಹ್ನ ಬಿಳಿ ಹತ್ತಿ ಕೆಂಪಾಗಿ ಹೊಂಟಿತು.
ಆಕಿ ಸೆರಗು ಹರದು ಕಟ್ಟಿದಳು.
ಮಾಲಕ ಕೆಟ್ಟ ಹತ್ತಿ ತೂಗಿಸಿ
ಹುಡುಗನ ಕೂಲ್ಯಾಗ ಹಿಡದ.
ತುಂಡು ಬೀಜದ ರಾಶ್ಯಾಗ ಬಿತ್ತು,
ಯಾರೂ ಹುಡುಕಲಿಲ್ಲ. ಆ ಬೀಜ
ಎಮ್ಮಿ ತಿಂದವೋ, ಯಾವ ಹೊಲದಾಗ ಮೊಳಿತೋ.

ಅಂವ ಹುಟ್ಟಿದಾಗ ಇದು ನಿಜಾಮರ ಸೀಮಿ.
ಆಮ್ಯಾಲ ಹೈದರಾಬಾದ್ ರಾಜ್ಯ ಅಂದರು.
ಆಮ್ಯಾಲ ಮೈಸೂರು ಅಂದರು,
ನಮ್ಮ ಓಣ್ಯಾಗ ಮೈಸೂರು ಕಂಡವರು ಒಬ್ಬರಿಲ್ಲ.
ಆಮ್ಯಾಲ ಕರ್ನಾಟಕ.
ಮನಿ ಸರೀಲಿಲ್ಲ, ಬಾಗಲಾ ತಿರುಗಲಿಲ್ಲ,
ಮಾವಿನಕೆರಿ ನೀರಿಗೆ ಯಾವ ಸುದ್ದಿಯೂ ಮುಟ್ಟಲಿಲ್ಲ.
ದಿಲ್ಲ್ಯಾಗ ಯಾರೋ ಕೇಳಿದರಂತ,
ಸಾಹೇಬರ, ನಿಮ್ಮ ರಾಜ್ಯ ಯಾವುದು?
ಅಂವ ಬಲಗೈ ಎತ್ತಿದನಂತ:
ಇದರಾಗ ಏನಿಲ್ಲೋ ಅದು ಅಲ್ಲದ.

ಇದು ಆಯಿ ಕಟ್ಟಿದ್ದಿರಬೇಕು.
ಆಕಿ ದಿಲ್ಲಿ ಎಲ್ಲಿ ನೋಡ್ಯಾಳ.

ಆದರ ಒಮ್ಮೆ ಬಂದಿದ್ದ, ಅದು ಖರೆ.
ರೇಲ್ವೆ ಸ್ಟೇಷನ್ನಿನ್ಯಾಗ ಪೊಲೀಸರ ಹಗ್ಗ,
ಚಂಡುಹೂವು, ಉರಿಬಿಸಿಲು.
ಅಂವ ಡಬ್ಬಿ ಬಾಗಲಾಗ ನಿಂತು ಕೈ ಮುಗದ.
ಎಡಗೈ ಕಿರುಬೆರಳು ಜೋಡಿಯಿಲ್ಲದ
ಗಾಳ್ಯಾಗ ಒಂಟಿ ಎದ್ದಿತ್ತು.
ಅದನ್ನ ನೋಡೇ ಆಯಿ ಗುರುತು ಹಿಡಿದಳು.
ಅಂವ ಆಕಿನ್ನ ಹಿಡದನೇನು?
ಕೇಳಿದಾಗೆಲ್ಲ ಒಂದೊಂದು ನಮೂನಿ ಹೇಳಿದಳು.
ಒಮ್ಮೆ ನಕ್ಕ. ಒಮ್ಮೆ ಗಾಡಿ ಬಿಟ್ಟಿತು.
ಒಮ್ಮೆ, ಹಗ್ಗ ಬಾಳ ದೂರ ಇತ್ತವ್ವ.

ಅವನ ಹೆಸರಿನ ದವಾಖಾನ್ಯಾಗೇ ಆಯಿ ಸತ್ತಳು,
ಹಾಸಿಗಿ ಸಿಗಲಿಲ್ಲ, ವರಾಂಡದಾಗ.
ಗ್ವಾಡಿ ಮ್ಯಾಲ ಅವನ ಫೋಟೋ, ಎದಿತನಕ,
ಕೈ ಬರೋ ಮೊದಲೇ ಚೌಕಟ್ಟು ಮುಗದಿತ್ತು.

ಅದಕ್ಕ ನಾ ಪ್ರತಿ ವರ್ಷ
ನಾಕು ಬೆರಳಿಗೆ ಹುಳಿ ಹಚ್ಚಿ ಬಂಗಾರ ಮಾಡತೀನಿ,
ಐದನೇದರ ಗೆಣ್ಣಿನತನಕ ತಿಕ್ಕಿ
ಅಲ್ಲಿಗೆ ಬಿಡತೀನಿ.
ಬಿಸಿಲು ಬಿದ್ದರ ಕೈ ಹೊಳೀತದ,
ಕರೇ ತುದಿ ಕಾಣಂಗಿಲ್ಲ.
ನಾಳೆ ಹಾರ ಹಾಕಾವರು ಮಾರಿ ಅಷ್ಟೇ ನೋಡತಾರ.

ಮೇಸ್ತ್ರಿಯ ಕಣ್ಣು ಮಾತ್ರ ಚುರುಕು.
ಚಾದ ಲೋಟ ಹಿಡಕೊಂಡು ಕೆಳಗಿಂದ ಕೂಗತಾನ:
ಮಾನಮ್ಮಾ, ಅಲ್ಲೊಂದು ತುಂಡು ಉಳದದ ನೋಡು.

ಹೌದ್ರಿ, ಉಳದದ,
ಅಂತೀನಿ.
ಏಣಿ ಇಳೀತೀನಿ.